ಗುಂಡಿ ಡಬ್ಬಿ

...ಇಲ್ಲಮ್ಮ, ನೀನು ಆಡು. ನಾನು ಬೇಡ ಅಂದೆನಾ? ಕಾರು ಬರೋತನಕ ಬಾಗಿಲು ನೋಡ್ಕೊಂಡು ಕೂತರೆ ಅದೇನು ಬೇಗ ಬರುತ್ತಾ? ಆಡು. ನಾನೂ ಈ ಪರದೆಗಳ ಅಂಚು ಮುಗಿಸಿಬಿಡ್ತೀನಿ, ಆಸ್ಪತ್ರೆಯವರು ಸಂಜೆ ಬಂದು ತಲೆ ಮೇಲೆ ನಿಲ್ತಾರೆ. ಹಸಿರು ಬಟ್ಟೆ ನೋಡಿ ನೋಡಿ ನನ್ನ ಕಣ್ಣೂ ಹಸಿರಾಗಿ ಹೋಗಿದೆ. ಮಿಷನ್ ಸದ್ದು ಜಾಸ್ತಿ ಆಯ್ತಾ? ಸರಿ, ನಿಧಾನಕ್ಕೆ ತುಳೀತೀನಿ.

ಅಲ್ಲಾ, ಅಕ್ಕನ ಮನೆಗೆ ನಾಲ್ಕು ದಿನಕ್ಕೆ ಹೋಗೋಳಿಗೆ ಇಷ್ಟು ದೊಡ್ಡ ಬ್ಯಾಗ್ ಯಾಕೆ ಅಂತ ಕೇಳಿದೆ, ಅಷ್ಟೇ. ಕೇಳಿದ್ದೇ ತಪ್ಪಾ? ಜಿಪ್ಪು ಎಳೆಯೋಕೆ ಅದರ ಮೇಲೆ ಮಂಡಿ ಊರಿ ಕೂತಿದ್ದೆ ನೀನು. ಸ್ವೆಟರ್ ಬೇರೆ. ಈ ಬಿಸಿಲಲ್ಲಿ ಕಾಗೆ ಕೂಡ ಕೂಗೋಕೆ ಸೋಮಾರಿತನ ಮಾಡ್ತಿದೆ, ನಿನಗೆ ಸ್ವೆಟರ್! ಲ್ಯಾಬಿನ ಬಿಳಿ ಕೋಟೂ ಒಳಗೆ ಹೋಯ್ತು, ನೋಡಿದೆ ನಾನು. ರಜೆ ಹಾಕಿ ಹೋಗೋರು ಕೋಟು ಯಾಕೆ ಹೊತ್ಕೊಂಡು... ಸರಿ. ಬಾಯಿ ಮುಚ್ಚಿದೆ.

ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಊರಿಗೆಲ್ಲ ಬಾಯಿಬಡಕಿ ಸೊಸೆಯಂದಿರು ಬರ್ತಾರೆ, ನನ್ನ ಪಾಲಿಗೆ ಬಂದವಳು ಬಾಯಿಗೆ ಗುಂಡಿ ಹಾಕ್ಕೊಂಡವಳು. ಬೈದರೆ ಎದುರು ಮಾತಾಡೋ ಸೊಸೇನ ಹೇಗೋ ಸಂಭಾಳಿಸಬಹುದು. 'ಆಯ್ತು ಅತ್ತೆ' ಅಂತ ತಲೆ ತಗ್ಗಿಸಿ ಒಳಗೆ ಹೋಗೋಳನ್ನ ಏನು ಮಾಡೋದು, ಹೇಳು? ಹೇಳಲ್ಲ, ಗೊತ್ತು.

ಕಾರು ಎಲ್ಲಿದೆಯಂತೆ? ಫೋನಿನಲ್ಲಿ ಆಟದ ಮೇಲೆ ಚಿಕ್ಕದಾಗಿ ತೋರಿಸ್ತಿದೆಯಲ್ಲ, ಸ್ವಲ್ಪ ಈ ಕಡೆ ತಿರುಗಿಸು... ರೈಲು ಗೇಟಲ್ಲಿ ನಿಂತಿದೆ. ಹೋ, ಆ ಗೇಟು ಹಾಕಿದರೆ ಮುಗೀತು. ಗೂಡ್ಸ್ ಗಾಡಿ ಬಂದರಂತೂ ಇನ್ನೂ ಒಳ್ಳೇದು... ಅಂದರೆ ಇನ್ನೂ ತಡ, ಅಂತ ಹೇಳಿದೆ. ಹಾಗೆ ಯಾಕೆ ನೋಡ್ತೀಯ? ಆಡು ಆಡು, ನೋಡು, ಬಂದವು.

ಎಷ್ಟೊಂದು ಬಂದವಪ್ಪಾ! ಸತ್ತ ಮೇಲೂ ಇವುಕ್ಕೆ ನೆಮ್ಮದಿ ಇಲ್ಲ. ನೀವು ಅದೇನೋ ಜೋಂಬಿ ಅಂತೀರಿ. ಎಂಥ ಜೋಂಬಿ, ಸತ್ತವನು ಎದ್ದು ಬಂದರೂ ಹೆಣ ಹೆಣಾನೇ. ಅದೋ ನೋಡು, ಆ ಹರಿದ ಅಂಗಿಯವನು ಥೇಟು ಪಕ್ಕದ ಮನೆ ಯಜಮಾನರು, ಬೆಳಿಗ್ಗೆ ಹಾಲಿನ ಅಂಗಡಿಗೆ ಹೀಗೇ ಕಾಲೆಳ್ಕೊಂಡು ಹೋಗ್ತಾರೆ... ನಕ್ಕೆ! ಈಗ ನಕ್ಕೆ ನೀನು. ಇಲ್ಲ ಅನ್ನಬೇಡ, ತುಟಿ ಅಲುಗಿತು. ನಗು, ತಪ್ಪೇನಿಲ್ಲ. ಹೋಗೋಳು ನಕ್ಕೊಂಡು ಹೋದರೆ ಮನೆಗೂ ಒಳ್ಳೇದು.

ಆ ನೀಲಿ ಷಟರ್ ಕಡೆ ಹೋಗಬೇಡ. ಅದರ ಹಿಂದೆ ಆ ದಪ್ಪಗಿನವನು... ಇಲ್ಲಪ್ಪ, ನನಗೇನು ಗೊತ್ತು! ಷಟರ್ ಅರ್ಧ ಎತ್ತಿದೆ ಅಂದರೆ ಒಳಗೆ ಯಾರೋ ಇದ್ದಾರೆ ಅಂತ ತಾನೇ ಅರ್ಥ? ಅಂಗಡಿ ಬೀದೀಲಿ ಹುಟ್ಟಿ ಬೆಳೆದವಳು ನಾನು, ಅಷ್ಟೂ ತಿಳಿಯಲ್ವಾ? ನೋಡು, ಬಂದನಾ? ಬಂದ. ಹಣೆಗೆ, ಹಣೆಗೆ... ಹಾಂ! ಬಿತ್ತು ಕಾಜಾ.

ಯಾಕೆ, ಆ ಮಾತು ನಾನು ಹೇಳಬಾರದಾ? ಕಾಜಾ ನನ್ನ ಮಾತು ಕಣೆ, ನೀನೇ ಕದ್ದಿದ್ದು. ಗುಂಡಿ ಹಾಕೋಕೆ ನಾನು ಬಟ್ಟೇಲಿ ತೂತು ಮಾಡಿದರೆ ಅದು ಕಾಜಾ, ನೀನು ಹೆಣದ ಹಣೇಲಿ ತೂತು ಮಾಡಿದರೆ ಅದೂ ಕಾಜಾ. ಒಳಗೆ ಬಾಗಿಲು ಹಾಕ್ಕೊಂಡು 'ಹಣೆಗೊಂದು ಕಾಜಾ ಹಾಕು ಪುಟ್ಟಿ' ಅಂತ ಕೂಗ್ತೀಯಲ್ಲ, ಇಲ್ಲಿ ಕೂತು ಕೇಳಿದ್ದೀನಿ. ಮೊದಲ ಸಲ ಕೇಳಿದಾಗ ನಗು ತಡೀಲಾರದೆ ಬಾಯಲ್ಲಿದ್ದ ಪಿನ್ನು ನುಂಗಿಬಿಡ್ತಿದ್ದೆ.

ನಾವಿಬ್ಬರೂ ಸೂಜಿಯವರೇ ಅಲ್ವಾ, ಯೋಚನೆ ಮಾಡಿದ್ದೀಯಾ? ನೀನು ಜನರಿಗೆ ಚುಚ್ಚಿ ರಕ್ತ ತೆಗೀತೀಯ, ನಾನು ಬಟ್ಟೆಗೆ ಚುಚ್ಚಿ ದಾರ ಹಾಕ್ತೀನಿ. ನಿನ್ನನ್ನ ನೋಡೋಕೆ ಬಂದ ದಿನ ನಿನ್ನ ಕೈ ನೋಡಿಯೇ ಮಗನಿಗೆ ಹೇಳಿದ್ದೆ, ಈ ಹುಡುಗಿ ಕೈ ನಡುಗಲ್ಲ, ಒಪ್ಪಿಕೋ ಅಂತ. ಅವನೇನು ಹೇಳ್ತಾನೆ ಅದಕ್ಕೆ, ಲಾರಿ ಬಿಟ್ಟರೆ ಬೇರೆ ಪ್ರಪಂಚ ಇಲ್ಲದವನು. ಸಾವಿರ ಮೈಲಿ ಲಾರಿ ತಿರುಗಿಸ್ತಾನೆ, ಮನೆಯೊಳಗಿನ ಒಂದು ತಿರುವು ತಿರುಗಿಸಲಾರ. ಬೆಳಿಗ್ಗೆ ಫೋನ್ ಮಾಡಿ ಹೇಳಿದೆ, ಇವಳು ಬ್ಯಾಗ್ ಕಟ್ಟಿದ್ದಾಳೆ, ನನಗೇನೋ ಸರಿ ಕಾಣ್ತಿಲ್ಲ ಅಂತ. ನೀವಿಬ್ಬರೇ ಮಾತಾಡ್ಕೊಳ್ಳಿ ಅಮ್ಮ, ನಾನು ಘಾಟಿನಲ್ಲಿದ್ದೀನಿ ಅಂದ. ಯಾವಾಗ ಕೇಳಿದರೂ ಘಾಟಿನಲ್ಲೇ ಇರ್ತಾನೆ.

ನೀರು ಕುಡೀತೀಯಾ? ಬೇಡ. ಟೀ? ಬೇಡ. ದಾರಿಗೆ ಏನಾದರೂ... ಬೇಡ. ಸರಿ, ನಾನೇ ಕುಡೀತೀನಿ... ಅಯ್ಯೋ, ಎದ್ದೆ ಯಾಕೆ, ಮರೆತೇ ಹೋಯ್ತು. ಹಾಂ, ನೀರು. ಇಲ್ಲ, ಬೇಡ, ಬಿಡು. ಇರಲಾರದೆ ಇರುವೆ ಬಿಟ್ಕೊಂಡ ಹಾಗೆ ಆಗಿದೆ ನನಗೆ ಬೆಳಿಗ್ಗೆಯಿಂದ. ಕೂತರೆ ಏಳಬೇಕು, ಎದ್ದರೆ ಕೂರಬೇಕು.

ನಾಲ್ಕು ದಿನ ಅಂದರೆ ನಾಲ್ಕೇ ದಿನ ತಾನೇ?

...ಆಡು ಆಡು. ಆಟದ ಮಧ್ಯೆ ಕೇಳಬಾರದಿತ್ತು.

ಗೊತ್ತಮ್ಮ ನನಗೆ. ನನ್ನ ಕೈಯಲ್ಲಿ ಒಂದು ರೋಗ ಇದೆ. ಬೇರೆಯವರು ಹೊಲಿದದ್ದು ಕಂಡರೆ ಬಿಚ್ಚಿ ನೋಡಬೇಕು. ಬಿಚ್ಚಿದ ಮೇಲೆ ನನ್ನ ಥರ ಹೊಲೀಬೇಕು. ಬಟ್ಟೆ ಮಾತ್ರ ಅಲ್ಲ, ಅದೇ ನೋಡು ಪೇಚಾಟ. ನೀನು ತೊಳೆದಿಟ್ಟ ಲೋಟ ಇನ್ನೊಂದು ಸಲ ತೊಳೆದೆ. ನೀನು ಮಡಿಸಿಟ್ಟ ಹೊದಿಕೆ ಬಿಚ್ಚಿ ಮತ್ತೆ ಮಡಿಸಿದೆ. ನೀನು ಗುಡಿಸಿ ಒಳಗೆ ಹೋಗೋದೇ ತಡ, ಪೊರಕೆ ನನ್ನ ಕೈಯಲ್ಲಿ. ನಿನ್ನ ಗಂಡ ಚಿಕ್ಕವನಿದ್ದಾಗಲೇ ಹೇಳ್ತಿದ್ದ, ದೇವರು ಹೊಲಿದು ಕಳಿಸಿದ್ದನ್ನೂ ನಮ್ಮಮ್ಮ ಬಿಚ್ಚಿ ನೋಡ್ತಾಳೆ ಅಂತ. ನಗಾಡ್ತಿದ್ದೆ ನಾನು, ಹೊಗಳಿಕೆ ಅಂದ್ಕೊಂಡು! ನನ್ನ ಅತ್ತೆ ಒಡೆದದ್ದು ಯಾವಾಗಲೂ ಹಳೇ ಮಡಕೆ, ನಾನು ಒಡೆದದ್ದು ಯಾವಾಗಲೂ ಹೊಸದು. ಅದನ್ನ ಅನುಭವಿಸಿಯೂ ನಾನು ಕಲಿತದ್ದು ಅಷ್ಟರಲ್ಲೇ ಇದೆ.

ಯಾಕೆ ಮತ್ತೆ ಮತ್ತೆ ಆ ಮೂಲೆ ಒತ್ತಿ ನೋಡ್ತೀಯ? ಯಾರನ್ನ ಹುಡುಕ್ತಿದ್ದೀಯ, ಪುಟ್ಟೀನಾ?

ಹೆಸರು ಗೊತ್ತು, ಹೌದು. ಈಗ ತಾನೇ ಹೇಳಿದೆನಲ್ಲ. ಅದೇನು ಗೋಡೆಯಾ, ಹಲಗೆ! 'ಪುಟ್ಟಿ, ನನ್ನ ಹಿಂದೇನೇ ಇರು, ಅಕ್ಕ ಇದ್ದೀನಿ, ಹೆದರಬೇಡ' ಅಂತ ನೀನು ಒಳಗೆ ಅಂದರೆ ಇಲ್ಲಿ ನನ್ನ ಮಿಷನ್ ಸೂಜಿಗೂ ಕೇಳುತ್ತೆ. ನನ್ನ ಹತ್ತಿರ ಎರಡು ಮಾತು ಆಡೋಕೆ ಕಷ್ಟ ನಿನಗೆ, ಆ ಹುಡುಗಿ ಹತ್ತಿರ ಮಾತು ಅಂದರೆ ಮಳೆ. ಇರಲಿ, ಹೊಟ್ಟೆಕಿಚ್ಚಿಂದ ಹೇಳ್ತಿಲ್ಲ. ಇವತ್ತು ಅವಳು ಬರಲ್ಲ ಬಿಡು.

...ಹೇಗೆ ಅಂದರೆ, ಅಂದಾಜು. ಕಾಲೇಜು ಹುಡುಗಿ, ಪರೀಕ್ಷೆ ಗಿರೀಕ್ಷೆ ಇರುತ್ತೆ. ಕಾಲೇಜು ಅಂತ ನೀನೇ ಯಾವಾಗಲೋ... ಹೇಳಿರಲಿಲ್ವಾ? ನಿನ್ನ ಗಂಡನ ಹತ್ತಿರ ಫೋನಿನಲ್ಲಿ ಹೇಳ್ತಿದ್ದೆ, ಕಿವಿಗೆ ಬಿತ್ತು. ಬಾಯಿಬಿಟ್ಟು ಮಾತಾಡಲ್ವಂತಲ್ಲ ಅವಳು, ಬರೀ ಬರೆದು ಕಳಿಸ್ತಾಳಂತೆ, ಅದೂ ತಪ್ಪು ತಪ್ಪಾಗಿ. ಪಾಪ, ಮೈಕು ಕೆಟ್ಟಿರಬೇಕು. ಹೆಬ್ಬೆರಳು ದಪ್ಪ ಇದ್ದರೆ ಅಕ್ಷರ ತಪ್ಪೋದು ಸಹಜ, ಅದಕ್ಕೆಲ್ಲ ನಗಬಾರದು.

ಅವಳಿಗೆ ಹೇಳಿದ್ದೀಯಾ, ಹೋಗ್ತೀನಿ ಅಂತ?

ಹೇಳಿದ್ದೀಯ, ಅಲ್ವಾ... ಏನಂದಳು? ಏನೂ ಅನ್ನಲಿಲ್ಲ. ಏನು ಅಂದಾಳು ಪಾಪ. ಕೆಲವು ಸಲ ಬೆರಳು ಅಕ್ಷರದ ಮೇಲೆ ಹೋಗೋದೇ ಇಲ್ಲ. ಬರೆಯೋದು, ಅಳಿಸೋದು, ಬರೆಯೋದು, ಅಳಿಸೋದು... ಹಾಗಿರಬಹುದು ಅಂದೆ ಅಷ್ಟೇ. ಅವಳ ಮೇಲೆ ಬೇಜಾರು ಮಾಡ್ಕೋಬೇಡ. ಅವಳು ನಿನ್ನನ್ನ ತುಂಬಾ ಹಚ್ಚಿಕೊಂಡಿದ್ದಾಳೆ. ಹಚ್ಚಿಕೊಂಡಿರಬೇಕು. ಅವಳಿಗೆ ನಿನ್ನ ಬಿಟ್ಟರೆ ಯಾರಿದ್ದಾರೋ ಏನೋ.

ಅದೋ ಹೋಯ್ತು ರೈಲು... ಸದ್ದು ಕೇಳು. ಗೂಡ್ಸೇ. ಎಷ್ಟು ಡಬ್ಬಿ ಇದ್ದರೂ ಕೊನೆ ಡಬ್ಬಿ ಅಂತ ಒಂದು ಇದ್ದೇ ಇರುತ್ತೆ ನೋಡು, ಹಾಳಾದ್ದು.

ನೀನು ಒಬ್ಬಳೇ ಆ ಪೆಟ್ರೋಲ್ ಬಂಕಿಗೆ ಯಾಕೆ ಇಳಿದೆ? ಜೊತೆಗೆ ಯಾರಾದರೂ ಇದ್ದರೆ ಸರಿ. ಒಬ್ಬರು ಪೆಟ್ರೋಲ್ ಡಬ್ಬಿ ಹೊರಬೇಕು, ಇನ್ನೊಬ್ಬರು ಬೆನ್ನು ಕಾಯಬೇಕು... ಎಡಗಡೆ ಒಂದು. ಹಾಂ, ಬಿತ್ತು. ಬಸ್ಸಿನ ಮೇಲೊಂದು... ಹೊಡಿ. ಹಿಂದೆ... ಹಿಂದೆ ನೋಡು... ಅಕ್ಕಾ, ಹಿಂದೆ!

...

ಏನಂದೆ ನಾನು? ಅಕ್ಕ ಅಂದೆನಾ?

ಹಾಂ, ಅಂದೆ. ನಿನ್ನ ಅಕ್ಕನ ನೆನಪಾಯ್ತು. ಅವಳ ಮನೆಗೇ ಹೋಗ್ತಿದ್ದೀಯಲ್ಲ, ಅವಳು ಕಾಯ್ತಿರ್ತಾಳಲ್ಲ ಅಂತ ಮನಸ್ಸಲ್ಲಿತ್ತು, ಬಾಯಿಗೆ ಬಂದುಬಿಡ್ತು. ಬಾಯಿಗೆ ಏನು ಬೀಗವಾ? ಗಾಬರೀಲಿ ಅಪ್ಪಾ ಅಂತೀವಿ, ಅಮ್ಮಾ ಅಂತೀವಿ, ಅಕ್ಕಾ ಅಂದರೆ ಏನಾಯ್ತು? ಹುಬ್ಬು ಇಳಿಸು. ನಿನ್ನ ವಯಸ್ಸೆಲ್ಲಿ, ನನ್ನ ವಯಸ್ಸೆಲ್ಲಿ... ಕುಂಬಳಕಾಯಿ ಕಳ್ಳ ಅಂದರೆ ನಾನು ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಲಿ. ಆಡು, ಇನ್ನೂ ಮೂರು ಉಳಿದಿದ್ದಾವೆ. ಆಡು ಅಂದೆನಲ್ಲ.

ನೋಡು, ದಾರ ತುಂಡಾಯ್ತು. ನಿನ್ನ ಜೊತೆ ಮಾತಾಡ್ತಾ... ಸೂಜಿ ಕಣ್ಣೇ ಕಾಣ್ತಿಲ್ಲ. ನೀನು ಪೋಣಿಸಿ ಕೊಡ್ತಿದ್ದೆ ಯಾವಾಗಲೂ. ನಾನು ಕೇಳದೇನೇ ಬಂದು, ಸುಮ್ನೆ ಪೋಣಿಸಿ, ಸುಮ್ನೆ ಹೋಗ್ತಿದ್ದೆ. ಆವಾಗಲೂ ಏನೂ ಮಾತಾಡ್ತಿರಲಿಲ್ಲ. ಆದರೆ ಆ ಸುಮ್ಮನಿರೋದು ಬೇರೆ, ಈಗಿನ ಸುಮ್ಮನಿರೋದು ಬೇರೆ. ನನಗೆ ಗೊತ್ತಾಗಲ್ವಾ?

ಕಾರು ಹೊರಡ್ತಾ? ...ಹೊರಡ್ತು. ಚಿತ್ರ ಅಲುಗಾಡ್ತಿದೆ.

ಕೇಳು ಇಲ್ಲಿ. ಆಟ ಆಡ್ತಾನೇ ಕೇಳು. ನೀನು ವಾಪಸ್ ಬರಲ್ಲ, ಅಲ್ವಾ? ನಾಲ್ಕು ದಿನ ಅನ್ನೋದು ಬಾಯಿ ಮಾತು. ಅಕ್ಕನ ಊರಲ್ಲೂ ಲ್ಯಾಬ್ ಇದೆ, ಕೋಟು ಇಟ್ಕೊಂಡಿದ್ದೀಯ, ಚಳಿಗಾಲಕ್ಕೂ ಬಟ್ಟೆ ಇಟ್ಕೊಂಡಿದ್ದೀಯ. ಮಗ ಊರಿಗೆ ಬಂದಾಗ ಅವನನ್ನೂ ಅಲ್ಲಿಗೇ ಕರೆಸ್ಕೊಳ್ಳೋದು ಅಂತ. ಹೌದಾ? ಅವನು ಹೋಗ್ತಾನೆ, ಹೋಗಲಿ ಕೂಡ. ನಾನು ಇಲ್ಲಿ ಕೂತು ಹಸಿರು ಪರದೆ ಹೊಲೀತೀನಿ. ಹೆದರಿಸ್ತಿಲ್ಲ, ಅಳಿಸ್ತಿಲ್ಲ. ಮಾತಾಡೋರು ಇಲ್ಲದಿದ್ದರೂ ಮಾತಾಡೋ ಅಭ್ಯಾಸ ನನಗಿದೆ, ನೋಡ್ತಿದ್ದೀಯಲ್ಲ.

ಆದರೆ ಹೋಗೋ ಮುಂಚೆ ಒಂದು ತೋರಿಸ್ತೀನಿ. ಇರು, ಏಳ್ತೀನಿ... ಹಾಳು ಬೆನ್ನು... ನೋಡು. ನಾನು ಯಾವುದರ ಮೇಲೆ ಕೂತಿದ್ದೀನಿ ನೋಡು.

ಗುರುತು ಸಿಕ್ತಾ? ನಿನ್ನದೇ, ಆ ದಿಂಬಿನ ಕವರು. ನೀನು ಹೊಲಿದದ್ದು. ನಿನ್ನೆ ಬ್ಯಾಗ್ ಕಟ್ಟೋವಾಗ ಚಿಂದಿ ಗಂಟಿಗೆ ಎಸೆದಿದ್ದೆಯಲ್ಲ, ಅಲ್ಲಿಂದ ತೆಗೆದೆ. ಅವತ್ತು ನಿನ್ನ ಮಂಚದ ಕೆಳಗೆ ಕಂಡಾಗ ಏನಪ್ಪಾ ಇದು, ಇಲಿ ಓಡಿದ ಹಾಗಿದೆ ಹೊಲಿಗೆ ಅಂತ, ಬ್ಲೇಡು ತಗೊಂಡು ಒಂದು ಮಧ್ಯಾಹ್ನದಲ್ಲಿ ಪೂರ್ತಿ ಬಿಚ್ಚಿ, ಮಿಷನ್‌ಗೆ ಹಾಕಿ, ಗೆರೆ ಎಳೆದ ಹಾಗೆ ಹೊಲಿದು ನಿನ್ನ ಹಾಸಿಗೆ ಮೇಲೆ ಇಟ್ಟೆ. ಉಪಕಾರ ಮಾಡಿದೆ ಅಂತಲೇ ಅಂದ್ಕೊಂಡಿದ್ದೆ, ಸತ್ಯವಾಗಿ. ನೀನು ನೋಡಿ, ಚೆನ್ನಾಗಿದೆ ಅತ್ತೆ ಅಂದೆ. ಅಷ್ಟೇ ಅಂದದ್ದು. ಆವತ್ತಿಂದ ಈ ಮನೇಲಿ ನಿನ್ನ ದನಿ ನಿಂತುಹೋಯ್ತು.

ಮುಟ್ಟಿ ನೋಡು. ಮುಟ್ಟು ಪರವಾಗಿಲ್ಲ, ಬಿಸಿಯಾಗಿದೆ ಅಷ್ಟೇ, ಕೂತಿದ್ದೆನಲ್ಲ. ಹೇಗಿತ್ತೋ ಹಾಗೇ ಮಾಡಿದ್ದೀನಿ. ನನ್ನ ಹೊಲಿಗೆ ಬಿಚ್ಚಿ, ನಿನ್ನ ಹೊಲಿಗೆ ಹಾಕಿದ್ದೀನಿ. ಸೊಟ್ಟ ಹೊಲಿಯೋದು ಸುಲಭ ಅಂದ್ಕೊಂಡೆ. ನನ್ನ ಕೈಗೆ ಬರಲೇ ಇಲ್ಲ ಕಣೆ! ಎಷ್ಟು ಸೊಟ್ಟ ಹೋಗಬೇಕು ಅಂದರೂ ನೆಟ್ಟಗಾಗುತ್ತೆ. ಆಮೇಲೆ ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಬಟ್ಟೆ ತೂತು ಮರೆಯಲ್ಲ. ನೀನು ಚುಚ್ಚಿದ ತೂತೆಲ್ಲ ಹಾಗೇ ಇತ್ತು. ಒಂದು ಇಲ್ಲಿ, ಇನ್ನೊಂದು ಅಲ್ಲಿ, ಕುಡುಕ ನಡೆದ ಹಾಗೆ. ಅದೇ ತೂತುಗಳಲ್ಲೇ ಕೈಯಲ್ಲಿ ದಾರ ಹಾಕ್ಕೊಂಡು ಬಂದೆ. ಒಂದನ್ನೂ ಬಿಟ್ಟಿಲ್ಲ. ಈ ಮೂಲೇಲಿ ನೋಡು, ಕಂದು ಚುಕ್ಕೆ. ಜನರಿಗೆಲ್ಲ ನೋವಾಗದ ಹಾಗೆ ಚುಚ್ಚೋಳು, ನಿನ್ನ ಬೆರಳಿಗೇ ಚುಚ್ಕೊಂಡಿದ್ದೀಯ. ಅದನ್ನೂ ತೊಳೀಲಿಲ್ಲ ನಾನು. ನನ್ನ ಕೈಗೆ ಎಷ್ಟು ಕಷ್ಟ ಆಗಿರಬೇಕು ಯೋಚನೆ ಮಾಡು, ಕಲೆ ಬಿಟ್ಟು ಕೂರೋಕೆ.

ಲ್ಯಾಬಿನಲ್ಲಿ ಊಟದ ಹೊತ್ತಲ್ಲಿ ಕೂತು, ಯಾರಿಗೂ ಕಾಣದ ಹಾಗೆ ಹೊಲಿದದ್ದನ್ನ, ನನ್ನ ಬೆನ್ನು ನೋವಿಗೆ ಅಂತ, ನನಗೇ ಅಂತ ಹೊಲಿದದ್ದನ್ನ, ನಾನೇ ಬಿಚ್ಚಿ ಹಾಕಿದೆನಲ್ಲ... ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಹೊಲಿಗೆ ಹಾಗಲ್ಲ ಅಂದ್ಕೊಂಡಿದ್ದೆ ಇಷ್ಟು ವರ್ಷ. ನನಗೆ ಹೊಲಿದದ್ದು ನನಗೇ ಬಂತು ಅಂತ ಇವತ್ತು ಬೆಳಿಗ್ಗೆಯಿಂದ ಇದರ ಮೇಲೇ ಕೂತಿದ್ದೀನಿ. ನೀನು ಒಂದು ಸಲ ನೋಡ್ತೀಯ, ನೋಡ್ತೀಯ ಅಂತ ಕಾದೆ. ನೀನು ಈ ಕಡೆ ತಿರುಗಲೇ ಇಲ್ಲ.

...

ಯಾಕೆ ಆಟ ಬಿಟ್ಟೆ?

ನೋಡು, ಅವು ನಿನ್ನ ಮೇಲೆ ಬೀಳ್ತಿದ್ದಾವೆ. ಫೋನ್ ನೋಡು, ನನ್ನನ್ನಲ್ಲ. ಬಿದ್ದೆ. ಬಿದ್ದೆ ನೀನು ಅಲ್ಲಿ.

ಏನಾಯ್ತು? ನನಗೆ ಅಂತ ಹೊಲಿದದ್ದು ಅಂತ ಹೇಳಿದೆ, ಅಷ್ಟೇ ತಾನೇ? ಅದು... ನಿನ್ನ ಗಂಡ ಹೇಳಿದ. ಹೌದು, ಅವನೇ ಫೋನಿನಲ್ಲಿ... ಅವನಿಗೂ ಹೇಳಿರಲಿಲ್ವಾ? ಹಾಗಾದರೆ ನಿನ್ನ ಅಕ್ಕ. ಇಲ್ಲ, ಅಕ್ಕನ ಹತ್ತಿರ ನಾನು ಯಾವತ್ತು ಮಾತಾಡಿದೆ... ನಾನೇ ಊಹೆ ಮಾಡಿದೆ ಅಂತ ಇಟ್ಕೋ. ಮಿಷನ್ ಕುರ್ಚಿ ಅಳತೆಗೆ ಸರಿಯಾಗಿತ್ತಲ್ಲ. ಅಳತೆ ನೋಡಿ ಗೊತ್ತಾಗಲ್ವಾ ದರ್ಜಿಯವಳಿಗೆ?

ಊಟದ ಹೊತ್ತು ಅಂತ... ಅದೂ ಊಹೆ.

ಹಾಗೆ ನೋಡಬೇಡ ಕಣೆ. ಬೈದುಬಿಡು, ಹಾಗೆ ನೋಡಬೇಡ. ಏನು ಬರೀತಿದ್ದೀಯ ಈಗ? ಯಾರಿಗೆ? ಆಟ ನಿಂತಿದೆ, ಕಾರು ಮೂಲೆ ತಿರುಗ್ತಿದೆ, ಈಗ ಯಾರಿಗೆ ಬರೆಯೋದು...

ಏನದು ಸದ್ದು ಅಂತಾನಾ?

ಗುಂಡಿ ಡಬ್ಬಿ. ಅದು... ಮಿಷನ್ ಅಲುಗಿದಾಗ ಹಾಗೆ ಅದುರುತ್ತೆ. ಗುಂಡಿಗಳು ಒಂದಕ್ಕೊಂದು ತಾಗಿ.

ಹೌದು, ನಾನು ಪೆಡಲ್ ತುಳೀತಿಲ್ಲ. ನಿಂತಿದ್ದೀನಿ.

ಮತ್ತೆ ಒತ್ತಬೇಡ. ಬೇಡಮ್ಮ... ನೋಡು, ಮತ್ತೆ ಅದುರ್ತಿದೆ. ನೀನು ಅಲ್ಲಿ ಒತ್ತಿದ ಹಾಗೆಲ್ಲ ಇಲ್ಲಿ... ಯಾರೋ ಗಿರಾಕಿ ಫೋನು ಬಿಟ್ಟು ಹೋಗಿದ್ದಾರೆ ಅಂದರೆ ನಂಬ್ತೀಯಾ? ನಂಬಲ್ಲ. ನಾನಾದರೂ ನಂಬಲ್ಲ.

ಮೊದಲು ಅನುಮಾನದಿಂದ ನಿನ್ನ ಆಟದೊಳಗೆ ಬಂದೆ. ಹೇಳಿಬಿಡ್ತೀನಿ. ಗಂಡ ಊರಲ್ಲಿಲ್ಲ, ಸೊಸೆ ಬಾಗಿಲು ಹಾಕ್ಕೊಂಡು ಯಾರ ಹತ್ತಿರ ಇಷ್ಟು ಮಾತಾಡ್ತಾಳೆ, ಯಾವನೋ ಇರಬೇಕು ಅಂತ. ಮೊಬೈಲ್ ರಿಪೇರಿಯವನಿಗೆ ಎರಡು ಪ್ಯಾಂಟು ಸರಿ ಮಾಡಿಕೊಟ್ಟು ಈ ಆಟ ಹಾಕಿಸ್ಕೊಂಡೆ. ನಿನ್ನ ಆಟದ ಹೆಸರು ಕದ್ದು ನೋಡ್ಕೊಂಡಿದ್ದೆ. ಬಂದು ನೋಡಿದರೆ ಯಾವನೂ ಇಲ್ಲ, ಬರೀ ಹೆಣಗಳು. ಹೊರಟುಬಿಡೋಣ ಅನ್ನೋಷ್ಟರಲ್ಲಿ ಒಂದು ನನ್ನ ಕುತ್ತಿಗೆ ಹಿಡೀತು, ಬಿದ್ದೆ. ಬೀದಿ ಆ ತುದಿಯಿಂದ ನೀನು ಓಡಿ ಬಂದೆ. ನಾನು ಯಾರು ಅಂತ ನಿನಗೆ ಗೊತ್ತಿಲ್ಲ, ಆದರೂ ಓಡಿ ಬಂದು, ಮಂಡಿ ಊರಿ ಕೂತು, ಫೋನಿನಲ್ಲಿ ಬಳೆ ಥರ ಸುತ್ತೋ ಆ ಗೆರೆ ಪೂರ್ತಿ ತುಂಬೋವರೆಗೂ ಬೆರಳು ಎತ್ತದೆ ನನ್ನನ್ನ ಎಬ್ಬಿಸಿದೆ. 'ಹೆಸರೇನು ಪುಟ್ಟಿ, ಹೊಸಬಳಾ' ಅಂತ ಕೇಳಿದೆ. ನಾನು ಹೌದು ಅಕ್ಕ ಅಂತ ಬರೆದೆ. ಇನ್ನೇನು ಬರೀಲಿ, ನಿಮ್ಮತ್ತೆ ಅಂತಾನಾ?

ಈ ಮನೇಲಿ ನಾನು ಬಿದ್ದರೆ ಇವಳು ಹೀಗೆ ಓಡಿ ಬರ್ತಾಳಾ ಅಂತ ಅವತ್ತು ಯೋಚನೆ ಬಂತು. ಆಮೇಲೆ, ಅವಳು ಬಿದ್ದರೆ ನಾನು ಓಡ್ತೀನಾ ಅಂತಲೂ ಬಂತು. ಅದಕ್ಕೇ ದಿನಾ ಬಂದೆ. ಇಲ್ಲಿ ಒಂದು ಕಾಲಲ್ಲಿ ಬರೀ ಮಿಷನ್ ತುಳೀತಾ, ದಾರಾನೂ ಇಲ್ಲ ಬಟ್ಟೇನೂ ಇಲ್ಲ, ನಿನಗೆ ಸದ್ದು ಕೇಳಲಿ ಅಂತ. ಅತ್ತೆ ಎಷ್ಟು ದುಡೀತಾರೆ ಅಂತ ನೀನು ಪುಟ್ಟಿಗೆ ಹೇಳ್ತಿದ್ದೆ. ಪುಟ್ಟಿಗೆ ನಾಚಿಕೆ ಆಗ್ತಿತ್ತು.

ದಿಂಬಿನ ವಿಷಯ ನೀನು ಅವಳಿಗೆ ಹೇಳಿದ ದಿನ, ನಿನ್ನ ದನಿ ಎರಡು ಕಡೆಯಿಂದ ಕೇಳಿತು ನನಗೆ. ಈ ಕಿವಿಗೆ ಫೋನಿಂದ, ಆ ಕಿವಿಗೆ ಗೋಡೆಯಿಂದ. ಅತ್ತಿದ್ದು ಗೋಡೆ ಕಡೆಯಿಂದ ಮಾತ್ರ ಕೇಳಿತು. ಎದ್ದು ಬಾಗಿಲು ತಟ್ಟಬೇಕಿತ್ತು. ತಟ್ಟಿದರೆ ನಿನಗೆ ಅತ್ತೆ ಸಿಗ್ತಾಳೆ, ಪುಟ್ಟಿ ಹೋಗ್ತಾಳೆ. ಅತ್ತೆಗಿಂತ ಪುಟ್ಟಿಯೇ ನಿನಗೆ ಬೇಕಾದವಳು ಅಂತ ನನಗೆ ಗೊತ್ತಿತ್ತು. ನನಗೂ ಅವಳೇ ಬೇಕಿತ್ತು, ನಿಜ ಹೇಳಬೇಕಂದರೆ. ಈಗ ಸೊಸೇನೂ ಅಕ್ಕನ್ನೂ ಇಬ್ಬರನ್ನೂ ಕಳ್ಕೊಂಡೆ.

ಏನಾದರೂ ಹೇಳು.

ಹಾರ್ನ್... ಬಂದ. ಬಂದೇ ಬಿಟ್ಟ.

ಇದು ಮತ್ತೆ ಅದುರ್ತಿದೆ. ನೀನು ಒತ್ತಿದ್ದು ನೋಡಲಿಲ್ಲ ನಾನು. ತೆಗೀಲಾ? ಮುಚ್ಚಳ ಬಿಗಿ... ಅಯ್ಯೋ, ಗುಂಡಿ ಎಲ್ಲ ಚೆಲ್ಲಿ ಹೋಯ್ತು. ಇರಲಿ ಬಿಡು, ಎತ್ತಬೇಡ. ಕನ್ನಡಕ... ಹಣೆ ಮೇಲೇ ಇದೆ. ಮೊದಲನೇದು, 'ಪುಟ್ಟಿ.' ಎರಡನೇದೂ 'ಪುಟ್ಟಿ.' ಇದು... ಇದು ಮಾತಲ್ಲ, ಆಟದ ಕರೆ. 'ಬಿದ್ದಿದ್ದೀನಿ, ಬಾ.'

ನನ್ನನ್ನ ಹಿಡಿಯೋಕೆ ಕಳಿಸಿದೆಯೋ, ಕರೆಯೋಕೆ ಕಳಿಸಿದೆಯೋ, ನನಗೆ ಗೊತ್ತಿಲ್ಲ. ನೀನೂ ಹೇಳಲ್ಲ. ಹೊಡೀಲಿ ಬಿಡು ಹಾರ್ನ್, ಗೇಟಲ್ಲಿ ಅಷ್ಟು ಹೊತ್ತು ನಿಂತವನು ಇಲ್ಲೂ ಸ್ವಲ್ಪ ನಿಲ್ಲಲಿ. ಎಲ್ಲಿದ್ದೀಯ, ಪೆಟ್ರೋಲ್ ಬಂಕು... ಬಂದೆ. ಬಸ್ಸು ದಾಟಿದೆ. ಕಂಡೆ ನಿನ್ನನ್ನ. ಕೂತೆ. ಬೆರಳು ಇಟ್ಟೆ, ಎತ್ತಲ್ಲ, ಏನೇ ಬಂದರೂ ಎತ್ತಲ್ಲ. ತುಂಬ್ತಿದೆ ಬಳೆ... ಇನ್ನು ಸ್ವಲ್ಪ...

ಏಳು ಅಕ್ಕಾ. ಏಳು.

ಎದ್ದೇಬಿಟ್ಟೆಯಲ್ಲ, ಏಳು ಅಂದದ್ದು ಇಲ್ಲಿ ಅಲ್ಲ, ತಾಯಿ. ಅಲ್ಲಿ. ಇಲ್ಲಿ ಕೂತ್ಕೋ.